ದುಡ್ಡು ಮೊದಲೇ ಕೊಟ್ಟ ಊಟ

ಕೋಲಾರ ಜಿಲ್ಲೆಗೆ ಕಡಲು ದೂರ. ಶ್ರೀನಿವಾಸಪುರದ ಮಾವಿನ ತೋಪುಗಳಿಂದಾಗಲಿ ಮಾಲೂರಿನ ಇಟ್ಟಿಗೆ ಗೂಡುಗಳ ಕಡೆಯಿಂದಾಗಲಿ ಹೊರಟವರು ಸಮುದ್ರ ನೋಡಬೇಕೆಂದರೆ ಮುಳಬಾಗಿಲು ದಾಟಿ, ನಂಗಲಿಯ ಆಚೆ ಆಂಧ್ರ ಹೊಕ್ಕು, ಚಿತ್ತೂರಿನ ಮೇಲೆ ಹಾದು ಚೆನ್ನೈ ಸೇರಬೇಕು. ಆದರೂ ಹಡಗಿನಲ್ಲಿ ಮೂರ್ನಾಲ್ಕು ದಿನ ವಿಹರಿಸಿ ಬರುವ ಮಾತು ಈ ಸೀಮೆಗೆ ಈಗ ಅಪರಿಚಿತವಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಮುಂಬೈಯಿಂದ ವಿಹಾರ ಆರಂಭಿಸಿದ ಕಾರ್ಡೀಲಿಯಾ ಸಂಸ್ಥೆಯ ಎಂಪ್ರೆಸ್ ಹಡಗು 2022ರ ಜೂನ್‌ನಲ್ಲಿ ಚೆನ್ನೈ ಬಂದರಿನಿಂದಲೂ ಹೊರಟಿತು. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್ 30ರಂದು ‘ಕ್ರೂಸ್ ಭಾರತ್ ಮಿಷನ್’ ಘೋಷಿಸಿ, 2029ರೊಳಗೆ ಇಂಥ ಹಡಗುಗಳ ಪ್ರಯಾಣಿಕರ ಸಂಖ್ಯೆಯನ್ನು ಎರಡು ಪಟ್ಟು ಮಾಡುವ ಗುರಿ ಇಟ್ಟುಕೊಂಡಿದೆ. ಟಿಕೆಟ್ಟಿನ ಹಣದಲ್ಲೇ ಊಟ, ತಿಂಡಿ, ಕಾಫಿ ಎಲ್ಲವೂ ಸೇರಿರುತ್ತದೆ, ಎಷ್ಟು ಬೇಕಾದರೂ ತಿನ್ನಬಹುದು ಎಂಬುದು ಈ ಪ್ರವಾಸದ ದೊಡ್ಡ ಆಕರ್ಷಣೆ. ಹಡಗು ಹತ್ತಿ ಬಂದವರ ಮಾತಿನಲ್ಲಿಯೂ ಕಡಲಿಗಿಂತ ಊಟದ ವಿಷಯವೇ ಮುಂದಾಗುವುದು ಪ್ರಪಂಚದ ಎಲ್ಲ ಕಡೆಯ ಅನುಭವ.

ಹಡಗು ಹತ್ತದವರಿಗೂ ಈ ವಿಷಯ ಸಂಬಂಧಿಸಿದ್ದೇ. ಹಡಗಿನ ಊಟದ ಪದ್ಧತಿ ಹಡಗಿಗಿಂತ ಬಹಳ ಮೊದಲೇ ದಡ ಸೇರಿ ನಮ್ಮೂರುಗಳವರೆಗೆ ಬಂದಿದೆ. ಮೂರು ಹೊತ್ತಿನ ಬಫೆ ಸೇರಿಸಿ ದಿನಕ್ಕೆ ಇಷ್ಟೆಂದು ಹಣ ಪಡೆಯುವ ರೆಸಾರ್ಟು, ಊಟ ಸಮೇತ ಎಂದು ಕರಪತ್ರ ಹಂಚುವ ಪ್ಯಾಕೇಜ್ ಟೂರು, ಚೌಲ್ಟ್ರಿಯ ಆರತಕ್ಷತೆಯಲ್ಲಿ ಸಾಲಾಗಿ ನಿಲ್ಲುವ ಚಾಟ್ಸ್, ದೋಸೆ, ಫ್ರೈಡ್ ರೈಸ್, ಐಸ್‌ಕ್ರೀಮ್ ಕೌಂಟರುಗಳು ಎಲ್ಲವೂ ಒಂದೇ ನಿಯಮದಿಂದ ನಡೆಯುತ್ತವೆ: ಹಣ ಮೊದಲೇ ಸಂದಿದೆ, ಬಗೆಗೆ ಕೊನೆಯಿಲ್ಲ, ಸಾಕು ಎನ್ನುವವರು ಯಾರೂ ಇಲ್ಲ. ಇಂಥಲ್ಲಿ ಅತಿಯಾಗಿ ತಿಂದವರನ್ನು ಹೊಟ್ಟೆಬಾಕರೆಂದು ಆಡಿಕೊಳ್ಳುವುದು ಸುಲಭ. ನನ್ನ ವಾದ ಅದಕ್ಕೆ ವಿರುದ್ಧವಾದದ್ದು. ಪ್ರವಾಸದ ಅತಿ ಊಟ ತಿನ್ನುವವರ ಚಪಲಕ್ಕಿಂತ ಹೆಚ್ಚಾಗಿ ಬಡಿಸುವ ವ್ಯವಸ್ಥೆಯಿಂದ ಹುಟ್ಟುತ್ತದೆ. ಹಾಗಿದ್ದ ಮೇಲೆ ತಿದ್ದಬೇಕಾದದ್ದೂ ಮುಖ್ಯವಾಗಿ ಆ ವ್ಯವಸ್ಥೆಯನ್ನೇ. ಅದನ್ನು ಹೇಗೆ ತಿದ್ದಬಹುದೆಂಬುದಕ್ಕೆ ಕೋಲಾರ ಸೀಮೆಯ ಊಟದ ರೂಢಿಗಳಲ್ಲೇ ಒಳ್ಳೆಯ ಸುಳಿವುಗಳಿವೆ.

ಮೊದಲು ಹಡಗಿನ ಲೆಕ್ಕ ನೋಡೋಣ. 2024ರ ಜನವರಿಯಲ್ಲಿ ಅಮೆರಿಕದ ಮಯಾಮಿಯಿಂದ ಮೊದಲ ಯಾನ ಹೊರಟ ‘ಐಕಾನ್ ಆಫ್ ದಿ ಸೀಸ್’ ಹಡಗಿನಲ್ಲಿ ಗರಿಷ್ಠ 7,600 ಪ್ರಯಾಣಿಕರಿಗೆ ಜಾಗವಿದೆ. ಊಟ ತಿಂಡಿಯ ತಾಣಗಳೇ ಇಪ್ಪತ್ತಕ್ಕೂ ಹೆಚ್ಚು. ಇಷ್ಟು ಜನ ಇಷ್ಟೊಂದು ತಿಂದರೆ ಕಂಪನಿಗೆ ನಷ್ಟವಾಗದೆ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಕ್ರೂಸ್ ಉದ್ಯಮದ ಅತಿ ದೊಡ್ಡ ಸಂಸ್ಥೆಯಾದ ಕಾರ್ನಿವಲ್‌ನ 2023ರ ಲೆಕ್ಕಪತ್ರದಲ್ಲಿ ಒಟ್ಟು ಆದಾಯದ ಮೂರನೇ ಒಂದು ಭಾಗದಷ್ಟು ಬಂದದ್ದು ಹಡಗಿನೊಳಗಿನ ಮದ್ಯ, ಜೂಜು, ಅಂಗಡಿ, ದಡದ ಸುತ್ತಾಟಗಳಿಂದ. ಆಹಾರದ ಖರ್ಚು ಆದಾಯದ ನೂರಕ್ಕೆ ಆರೇಳು ರೂಪಾಯಿಯ ಆಸುಪಾಸು. ಒಬ್ಬರು ಇನ್ನೂ ಎರಡು ತಟ್ಟೆ ಹೆಚ್ಚು ತಿಂದರೆ ಹಡಗಿಗೆ ಬೀಳುವ ಹೊರೆ ತೀರಾ ಅಲ್ಪ. ಆದರೆ ಎಷ್ಟು ತಿಂದರೂ ಕೇಳುವವರಿಲ್ಲ ಎಂಬ ಮಾತು ತರುವ ಗಿರಾಕಿಗಳು ಬಹಳ. ಊಟ ಇಲ್ಲಿ ಜನರನ್ನು ಹಡಗಿಗೆ ಕರೆತರುವ ಸಾಧನ. ಲಾಭ ಹುಟ್ಟುವುದು ಅವರು ಹತ್ತಿದ ಮೇಲೆ. ಆದ್ದರಿಂದ ಸಾಕೆನಿಸುವ ಹಾಗೆ ಊಟವನ್ನು ಏರ್ಪಡಿಸಲು ಕಂಪನಿಗೆ ಯಾವ ಕಾರಣವೂ ಇಲ್ಲ. ಬೆಳಗಿನ ತಿಂಡಿ ಮುಗಿಯುವ ಹೊತ್ತಿಗೆ ಇನ್ನೊಂದು ಅಂತಸ್ತಿನಲ್ಲಿ ಕುರುಕು ತಿಂಡಿ ತೆರೆದಿರುತ್ತದೆ, ಮಧ್ಯಾಹ್ನದ ಊಟ ಸಂಜೆಯ ಚಹಾದವರೆಗೆ ಹಬ್ಬುತ್ತದೆ, ರಾತ್ರಿಯೂಟದ ನಂತರವೂ ಬಾಗಿಲು ಮುಚ್ಚುವುದಿಲ್ಲ. ಹೊತ್ತು ಹೊತ್ತಿನ ನಡುವೆ ಹಸಿವು ಹುಟ್ಟಬೇಕಾದ ಅಂತರವೇ ಅಳಿಸಿಹೋಗುತ್ತದೆ.

ಆ ವ್ಯವಸ್ಥೆಯೊಳಗೆ ಕಾಲಿಟ್ಟ ಮನುಷ್ಯನ ದೇಹ ಮತ್ತು ಮನಸ್ಸು ಹೇಗೆ ನಡೆದುಕೊಳ್ಳುತ್ತವೆ ಎಂಬುದರ ಬಗ್ಗೆ ನಾಲ್ಕು ದಶಕಗಳ ಸಂಶೋಧನೆ ಇದೆ. ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1981ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ನಡೆಸಿದ ಪ್ರಯೋಗದಲ್ಲಿ, ಒಂದೇ ಬಗೆಯ ಸ್ಯಾಂಡ್‌ವಿಚ್ ಸಿಕ್ಕವರಿಗಿಂತ ನಾಲ್ಕು ಬಗೆ ಸಿಕ್ಕವರು ಸುಮಾರು ಮೂರನೇ ಒಂದು ಭಾಗ ಹೆಚ್ಚು ತಿಂದರು. ಒಂದು ರುಚಿ ಸಾಕಾದಾಗ ಆ ರುಚಿಯಷ್ಟೇ ಸಾಕಾಗಿರುತ್ತದೆ. ಮುಂದಿನ ಹೊಸ ರುಚಿಗೆ ನಾಲಿಗೆ ಮತ್ತೆ ತಯಾರು. ಸಾರು ಅನ್ನ ಉಂಡು ಹೊಟ್ಟೆ ಬಿರಿಯುತ್ತಿದ್ದರೂ ಜಾಮೂನಿಗೆ ಜಾಗ ಸಿಗುವುದರ ಗುಟ್ಟು ಇದು. ಹಣದ ವಿಷಯವೂ ಹಾಗೆಯೇ. ಅಮೆರಿಕದ ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಟಕಗಳ ಇಡೀ ಹಂಗಾಮಿನ ಟಿಕೆಟ್ಟನ್ನು ಪೂರ್ತಿ ಬೆಲೆಗೆ ಕೊಂಡವರು ರಿಯಾಯಿತಿಯಲ್ಲಿ ಕೊಂಡವರಿಗಿಂತ ಮೊದಲ ಆರು ತಿಂಗಳಲ್ಲಿ ಹೆಚ್ಚು ಪ್ರದರ್ಶನಗಳಿಗೆ ಹೋದರು. ನಾಟಕ ಒಂದೇ, ಆಸಕ್ತಿಯೂ ಒಂದೇ. ಕೊಟ್ಟ ದುಡ್ಡು ಹಾಳಾಗಬಾರದೆಂಬ ಸಂಕಟ ಮಾತ್ರ ಬೇರೆ. ಬಫೆಯ ಮುಂದೆ ಆ ಸಂಕಟ ಪ್ರತಿ ಪಾತ್ರೆಯ ಮುಚ್ಚಳ ತೆರೆದಾಗಲೂ ಎದುರಾಗುತ್ತದೆ. ಜೊತೆಗೆ ಸಂಗಡಿಗರ ಪ್ರಭಾವವಿದೆ. ಒಬ್ಬರೇ ಉಣ್ಣುವುದಕ್ಕಿಂತ ಗುಂಪಿನಲ್ಲಿ ಉಣ್ಣುವಾಗ ಹೆಚ್ಚು ಹೋಗುತ್ತದೆ, ಗುಂಪು ದೊಡ್ಡದಾದಷ್ಟೂ ಊಟ ಲಂಬಿಸುತ್ತದೆ ಎಂಬುದನ್ನು ಜಾನ್ ಡಿ ಕ್ಯಾಸ್ಟ್ರೊ ಜನರ ಊಟದ ದಿನಚರಿಗಳಿಂದಲೇ ತೋರಿಸಿಕೊಟ್ಟರು. ಇನ್ನು ದೇಹದ ಕಡೆಯಿಂದ, ಹೊಟ್ಟೆ ತುಂಬಿತೆಂಬ ಸುದ್ದಿ ಕರುಳಿನ ಹಾರ್ಮೋನುಗಳ ಮೂಲಕ ಮಿದುಳನ್ನು ಮುಟ್ಟಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಮುಂದಿನ ತಟ್ಟೆ ಎರಡು ಹೆಜ್ಜೆ ದೂರದಲ್ಲಿರುವಾಗ ಆ ಸುದ್ದಿ ತಲುಪುವ ಮೊದಲೇ ತಟ್ಟೆ ತುಂಬಿರುತ್ತದೆ. ಬಗೆ, ಮುಂಗಡ ಹಣ, ಗುಂಪು, ಬಿಡುವು, ಕೈಗೆಟಕುವ ದೂರ ಇವಿಷ್ಟೂ ಒಂದೇ ಕಡೆ ಸೇರಿದಾಗ ಕಡಿಮೆ ತಿನ್ನುವವರೇ ಅಪರೂಪ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ನಮ್ಮಲ್ಲಿದೆ. ಎದುರಿಗಿರುವುದು ಒಂದು ಎಲೆ, ಒಬ್ಬರು ಬಡಿಸುವವರು ಎಂದಾಗ ಆ ಗಾದೆ ನ್ಯಾಯವಾದದ್ದು. ಅರವತ್ತು ಪಾತ್ರೆಗಳ ಸಾಲಿನ ಮುಂದೆ ನಿಲ್ಲಿಸಿ ಅದೇ ಗಾದೆ ಹೇಳಿದರೆ ಹೊರೆಯನ್ನೆಲ್ಲ ತಿನ್ನುವವರ ತಲೆಗೆ ಕಟ್ಟಿದಂತೆ.

ನಾಲ್ಕು ದಿನದ ಅತಿಯಿಂದ ಏನು ಮಹಾ ಆಗಿಬಿಡುತ್ತದೆ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡಬೇಕು. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇಲ್ಲಿ ನನ್ನ ವಾದಕ್ಕೆ ಅನುಕೂಲವಾಗಿಲ್ಲ. ಆರೋಗ್ಯವಂತ ಯುವಕರಿಗೆ ಇನ್ನು ಸಾಧ್ಯವೇ ಇಲ್ಲ ಎನ್ನುವವರೆಗೆ ಪಿಜ್ಜಾ ತಿನ್ನಲು ಹೇಳಿದಾಗ, ಹೊಟ್ಟೆ ತುಂಬುವಷ್ಟು ಉಂಡಾಗಿನದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ತಿಂದರು. ಆದರೂ ಅವರ ರಕ್ತದ ಸಕ್ಕರೆ ಸಾಧಾರಣ ಊಟದ ನಂತರದ ಮಟ್ಟವನ್ನು ಮೀರಲಿಲ್ಲ. ದೇಹ ಇನ್ಸುಲಿನ್ ಹೆಚ್ಚಿಸಿ ಆ ಹೊರೆಯನ್ನು ನಿಭಾಯಿಸಿತು. ಒಂದು ಹೊತ್ತಿನ ಅತಿಯಿಂದ ಗಟ್ಟಿಮುಟ್ಟಾದ ಯುವಕನಿಗೆ ಕೇಡಾಗದು ಎಂಬುದನ್ನು ಒಪ್ಪಲೇಬೇಕು. ಆದರೆ ಪ್ರವಾಸವೆಂದರೆ ಒಂದು ಹೊತ್ತಲ್ಲ, ಹೋಗುವವರೆಲ್ಲ ಗಟ್ಟಿಮುಟ್ಟಾದ ಯುವಕರೂ ಅಲ್ಲ. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಜೇಮಿ ಕೂಪರ್ ಮತ್ತು ಥೆರೆಸಾ ಟೋಕರ್ 2016ರಲ್ಲಿ ಪ್ರಕಟಿಸಿದ ಅಧ್ಯಯನ, ಒಂದರಿಂದ ಮೂರು ವಾರದ ರಜೆಗೆ ಹೋದ 122 ವಯಸ್ಕರನ್ನು ಅಳೆದು ನೋಡಿತು. ಸರಾಸರಿ 300 ಗ್ರಾಂ ಚಿಲ್ಲರೆ ತೂಕ ಏರಿತ್ತು. ಕೇಳಲು ಅಲ್ಪವೆನಿಸುವ ಈ ಏರಿಕೆ ಮನೆಗೆ ಮರಳಿ ಆರು ವಾರ ಕಳೆದರೂ ಇಳಿದಿರಲಿಲ್ಲ. ಅವರು ರಜೆಯಲ್ಲಿ ನಡೆದಾಡಿದ್ದು ಕಡಿಮೆಯೇನೂ ಇರಲಿಲ್ಲ, ತುಸು ಹೆಚ್ಚೇ ಇತ್ತು. ತಿಂದದ್ದನ್ನು ಹಡಗಿನ ಮೇಲ್ಮಹಡಿಯಲ್ಲಿ ಸುತ್ತಿ ಕರಗಿಸುತ್ತೇನೆ ಎನ್ನುವವರು ಗಮನಿಸಬೇಕಾದ ಸಂಗತಿ ಇದು. ವಯಸ್ಕರ ತೂಕ ಏರುವುದು ವರ್ಷಕ್ಕೆ ಅರ್ಧ ಕಿಲೋ ಒಂದು ಕಿಲೋದ ಲೆಕ್ಕದಲ್ಲಿ. ಆ ಏರಿಕೆಯ ದೊಡ್ಡ ಪಾಲು ಹಬ್ಬ, ಮದುವೆ, ರಜೆಯ ಕೆಲವೇ ದಿನಗಳಲ್ಲಿ ಸೇರಿಕೊಂಡು ಮತ್ತೆ ಇಳಿಯದೆ ಉಳಿಯುತ್ತದೆ ಎಂದಾಗ ಆ ಕೆಲವು ದಿನಗಳು ಬಿಡಿ ದಿನಗಳಾಗಿ ಉಳಿಯುವುದಿಲ್ಲ.

ನಮ್ಮ ದೇಶದ ಮೈಕಟ್ಟಿಗೆ ಈ ಲೆಕ್ಕ ಇನ್ನೂ ಕಠಿಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆಯ 2023ರ ವರದಿಯಂತೆ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಹೆಚ್ಚು. ಅದರ ಹೊಸ್ತಿಲಲ್ಲಿರುವವರು ಇನ್ನೂ 13.6 ಕೋಟಿ. ಇದು ನಗರದ ಕಾಯಿಲೆ ಎಂಬ ಭ್ರಮೆ ಕೋಲಾರ ಜಿಲ್ಲೆಯಲ್ಲಿ ಇರಬೇಕಾಗಿಲ್ಲ. ರಾಜ್ಯದ ‘ಗೃಹ ಆರೋಗ್ಯ’ ಯೋಜನೆ 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದದ್ದು ಇದೇ ಜಿಲ್ಲೆಯಲ್ಲಿ. ಆರೋಗ್ಯ ಸಿಬ್ಬಂದಿ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿ ಔಷಧ ತಲುಪಿಸುವ ಯೋಜನೆ ಅದು. ಪ್ರವಾಸದ ಬಸ್ಸು ಹತ್ತುವ ಐವತ್ತು ಮಂದಿಯಲ್ಲಿ ಮಾತ್ರೆಯ ಡಬ್ಬಿ ಹಿಡಿದವರು ಎಷ್ಟು ಎಂದು ಟೂರು ನಡೆಸುವ ಯಾರನ್ನು ಕೇಳಿದರೂ ಗೊತ್ತಾಗುತ್ತದೆ. ಅವರ ದೇಹ ಬಾತ್‌ನ ಯುವಕರ ದೇಹದಂತೆ ಇನ್ಸುಲಿನ್ ಹೆಚ್ಚಿಸಿ ಸುಧಾರಿಸಿಕೊಳ್ಳಲಾರದು. ಇಂಥವರ ಮುಂದೆ ದಿನವಿಡೀ ತೆರೆದ ಬಫೆ ಇಟ್ಟು, ನೋಡಿಕೊಂಡು ತಿನ್ನಿ ಎಂದಷ್ಟೇ ಹೇಳುವುದು ಜವಾಬ್ದಾರಿಯ ಮಾತಲ್ಲ.

ಈಗ ಕೋಲಾರದ ಊಟಕ್ಕೆ ಬರೋಣ. ಮುದ್ದೆ ಊಟದ ಗುಣವನ್ನು ಹೇಳುವಾಗ ಎಲ್ಲರೂ ರಾಗಿಯ ಸತ್ವದ ಕಡೆಗೇ ಬೊಟ್ಟು ಮಾಡುತ್ತಾರೆ. ಅದು ಸುಳ್ಳಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣದಂಶ, 11 ಗ್ರಾಂ ನಾರು ಇದೆ. ನಾರಿನ ಲೆಕ್ಕದಲ್ಲಿ ಬಿಳಿ ಅಕ್ಕಿಯ ನಾಲ್ಕು ಪಟ್ಟು ಹತ್ತಿರ. ಆದರೆ ಅದೇ ರಾಗಿಯಲ್ಲಿ 320 ಕ್ಯಾಲೊರಿಯೂ ಇದೆ. ಕೆಲಸವಿಲ್ಲದ ಮೈಗೆ ಮೂರು ಮುದ್ದೆ ಇಳಿಸಿದರೆ ಅದೂ ಹೊರೆಯೇ. ರಾಗಿಯನ್ನು ಔಷಧವೆಂದು ಸಾರುವವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ನನಗೆ ಮುಖ್ಯವಾಗಿ ಕಾಣುವುದು ಆ ಊಟದ ಏರ್ಪಾಡು. ಮುದ್ದೆ ತಲೆ ಎಣಿಸಿ ಮಾಡುವ ಅಡುಗೆ. ಎಸರಿಗೆ ಹಿಟ್ಟು ಹಾಕುವ ಮೊದಲೇ ಎಷ್ಟು ಜನ, ಯಾರಿಗೆ ಒಂದು, ಯಾರಿಗೆ ಎರಡು ಎಂಬ ಲೆಕ್ಕ ಮುಗಿದಿರುತ್ತದೆ. ತಟ್ಟೆಯಲ್ಲಿ ಬೀಳುವುದು ಎಣಿಸಬಹುದಾದ ಒಂದು ವಸ್ತು. ಇನ್ನೊಂದು ಬೇಕಾದರೆ ಕೇಳಿ ಹಾಕಿಸಿಕೊಳ್ಳಬೇಕು, ಅಥವಾ ಅರ್ಧ ಮುರಿದು ಕೊಡಿ ಎನ್ನಬೇಕು. ಜೊತೆಗಿರುವುದು ಒಂದು ಸಾರು: ಅವರೆಯ ಕಾಲದಲ್ಲಿ ಹಿತಕಿದ ಅವರೆ, ಉಳಿದಂತೆ ಬಸ್ಸಾರು, ಮಸ್ಸೊಪ್ಪು, ಉಪ್ಸಾರು, ಹುರುಳಿ ಸಾರು. ಒಂದು ಹೊತ್ತಿಗೆ ಒಂದೇ. ಮುದ್ದೆಯನ್ನು ಅಗಿಯದೆ ನುಂಗುವುದರಿಂದ ಊಟ ಬೇಗ ಮುಗಿಯುತ್ತದೆ ನಿಜ. ಆದರೆ ಅಲ್ಲಿ ಮಿತಿ ಕಾಯುವುದು ಎಣಿಕೆ, ಹೊಟ್ಟೆಯ ಸುದ್ದಿಗಾಗಿ ಅದು ಕಾಯುವುದಿಲ್ಲ. ರೋಲ್ಸ್ ಅವರ ಪ್ರಯೋಗ ತೋರಿಸಿದ ಬಗೆಯ ಮರುಳು ಇಲ್ಲಿ ತಲೆ ಎತ್ತಲು ಅವಕಾಶವೇ ಇಲ್ಲ.

ಇದಕ್ಕೆ ಬರುವ ಆಕ್ಷೇಪ ಗಟ್ಟಿಯಾದದ್ದು. ಬಡತನದ ಊಟವನ್ನು ಸಂಯಮದ ಊಟವೆಂದು ಹೊಗಳುವುದು ಉಂಡು ಸುಖವಾಗಿರುವವರ ಚಾಳಿ ಎಂದು ಯಾರಾದರೂ ಹೇಳಿದರೆ ತಲೆ ತಗ್ಗಿಸಿ ಕೇಳಬೇಕು. ಈ ಸೀಮೆಗೆ ವರ್ಷವಿಡೀ ಹರಿಯುವ ನದಿಯಿಲ್ಲ, ಕೆರೆ ನಂಬಿ ಬದುಕಿದ ನೆಲ. 1876-78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ತನ್ನ ಜನರಲ್ಲಿ ಸುಮಾರು ಐದನೇ ಒಂದು ಪಾಲನ್ನು ಕಳೆದುಕೊಂಡಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಕುಸಿದಿತ್ತು. ಕೋಲಾರದ ಬಯಲು ಆ ಪೆಟ್ಟನ್ನು ನೇರವಾಗಿ ಉಂಡಿತು. ಒಂದೇ ಸಾರು, ಎಣಿಸಿದ ಮುದ್ದೆ ಎಂಬುದರ ಹಿಂದೆ ಎಷ್ಟೋ ಮನೆಗಳಲ್ಲಿ ಇಲ್ಲದಿರುವಿಕೆಯೇ ಇತ್ತು. ಜಾತ್ರೆಯ ದಿನ, ದೇವರ ಹೆಸರಿನಲ್ಲಿ ಮರಿ ಹೊಡೆದ ದಿನ, ಬೀಗರೂಟದ ದಿನ ಜನ ಕಂಠಮಟ್ಟ ಉಂಡರೆ ಅದು ಹಸಿದ ಬದುಕಿಗೆ ಸಿಕ್ಕ ನ್ಯಾಯವಾದ ತೃಪ್ತಿ. ಅದನ್ನು ಯಾರೂ ಕಿತ್ತುಕೊಳ್ಳಬಾರದು. ನಾನು ಹೇಳುವುದು ಹಸಿವಿಗೆ ಮರಳಿ ಎಂದಲ್ಲ. ಕೊರತೆಯಿಂದ ಹುಟ್ಟಿದ ಏರ್ಪಾಡೂ ಕೊರತೆ ನೀಗಿದ ಮೇಲೆ ಉಪಯೋಗಕ್ಕೆ ಬರಬಹುದು. ಕೆರೆಗಳೂ ನೀರಿಲ್ಲದ ಸಂಕಟದಿಂದ ಹುಟ್ಟಿದವೇ ಅಲ್ಲವೆ? ಮಳೆ ಬಂದ ವರ್ಷ ನಾವು ಅವುಗಳನ್ನು ಮುಚ್ಚಿಬಿಡುವುದಿಲ್ಲ. ಅಲ್ಲದೆ ಜಾತ್ರೆಯ ಊಟಕ್ಕೆ ಹಿಂದೆ ಮುಂದೆ ಸಾದಾ ದಿನಗಳ ದೊಡ್ಡ ಸಾಲಿತ್ತು. ಹೊಲದ ದುಡಿತವಿತ್ತು, ಶನಿವಾರದ ಒಪ್ಪತ್ತು, ಏಕಾದಶಿಯ ಉಪವಾಸ ಇದ್ದವು. ಈಗಿನ ಅತಿ ಊಟಕ್ಕೆ ಆ ಹಿನ್ನೆಲೆಯಿಲ್ಲ. ವರ್ಷದ ನಾಲ್ಕು ಹಬ್ಬಗಳಿಗೆ ಮದುವೆ ಹಂಗಾಮಿನ ಹತ್ತು ಆರತಕ್ಷತೆ, ಎರಡು ಪ್ರವಾಸ, ತಿಂಗಳಿಗೊಂದು ಹೆದ್ದಾರಿ ಊಟ ಸೇರಿಕೊಂಡಿವೆ. ನಡುವಿನ ದಿನಗಳಲ್ಲಿ ಮೈ ಬೆವರುವುದೂ ಕಡಿಮೆ.

ಎಷ್ಟು ಬೇಕಾದರೂ ಬಡಿಸುವುದು ನಮ್ಮದೇ ಸಂಪ್ರದಾಯ, ಬಾಳೆಎಲೆ ಊಟದಲ್ಲೂ ಹೋಟೆಲಿನ ಫುಲ್ ಮೀಲ್ಸಿನಲ್ಲೂ ಮಿತಿ ಎಲ್ಲಿತ್ತು ಎಂದು ಇನ್ನೊಬ್ಬರು ಕೇಳಬಹುದು. ಇಲ್ಲಿ ಪಂಕ್ತಿ ಊಟವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪಂಕ್ತಿಗೆ ಒಂದು ಕ್ರಮವಿದೆ. ಉಪ್ಪು, ಕೋಸಂಬರಿ, ಪಲ್ಯದಿಂದ ಹೊರಟು ಸಾರು, ಹುಳಿ, ಸಿಹಿಗಳನ್ನು ಹಾದು ಮೊಸರನ್ನಕ್ಕೆ ಬಂದು ನಿಲ್ಲುತ್ತದೆ. ಮೊಸರು ಬಂತೆಂದರೆ ಊಟ ಮುಗಿಯಿತೆಂದು ಎಲ್ಲರಿಗೂ ಗೊತ್ತು. ಮೊಸರನ್ನ ಉಂಡ ಮೇಲೆ ಮತ್ತೆ ಪಲ್ಯಕ್ಕೆ ಮರಳುವವರಿಲ್ಲ. ಬಡಿಸುವವರು ಪ್ರತಿ ಸಲವೂ ಬೇಕೇ ಎಂದು ಕೇಳುತ್ತಾರೆ, ಉಣ್ಣುವವರು ಪ್ರತಿ ಸಲವೂ ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಎನ್ನಬಹುದು. ಒಂದು ಊಟದಲ್ಲಿ ಹತ್ತು ಸಲ ಹಾಗೆ ತೀರ್ಮಾನಿಸುವ ಅವಕಾಶ ಸಿಗುತ್ತದೆ. ಸಾಲಿನವರೆಲ್ಲ ಒಟ್ಟಿಗೆ ಏಳುವುದರಿಂದ ಊಟಕ್ಕೊಂದು ಕೊನೆಯೂ ಇದೆ, ಮುಂದಿನ ಪಂಕ್ತಿ ಹಿಂದೆ ನಿಂತಿರುತ್ತದೆ. ಬಫೆಯಲ್ಲಿ ಕ್ರಮವೂ ಇಲ್ಲ, ಕೇಳುವವರೂ ಇಲ್ಲ, ಏಳುವ ಹೊತ್ತೂ ಇಲ್ಲ. ಹಾಗೆಂದು ಪಂಕ್ತಿ ಊಟ ನಿರ್ದೋಷಿಯಲ್ಲ. ಬಲವಂತದ ಉಪಚಾರ ಅದರ ದೊಡ್ಡ ಪಿಡುಗು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಕೆ. ನಾರಾಯಣಗೌಡರು ಕುಲಪತಿಗಳಾಗಿದ್ದಾಗ ನಡೆಸಿದ ಸಮೀಕ್ಷೆ, ರಾಜಧಾನಿಯ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಹಾಳಾಗುತ್ತದೆಂದು ಅಂದಾಜು ಮಾಡಿತು. ಬಗೆ ಹೆಚ್ಚಿದಷ್ಟೂ ಎಲೆಯಲ್ಲಿ ಬಿಡುವುದೂ ಹೆಚ್ಚುತ್ತದೆ. ಹತ್ತು ಬಗೆ ಮಾಡಿಸದಿದ್ದರೆ ಮಾನ ಹೋಗುತ್ತದೆಂದು ಸಾಲ ಎತ್ತಿ ಚೌಲ್ಟ್ರಿ ಊಟ ಹಾಕಿಸುವ ಸಣ್ಣ ಹಿಡುವಳಿದಾರರ ವಿಷಯದಲ್ಲಿ ಈ ನಷ್ಟ ಆರೋಗ್ಯದ್ದಷ್ಟೇ ಆಗಿ ನಿಲ್ಲುವುದಿಲ್ಲ.

ಎಲ್ಲಕ್ಕಿಂತ ನನ್ನನ್ನು ಯೋಚನೆಗೆ ಹಚ್ಚುವ ಆಕ್ಷೇಪ ಹೆಂಗಸರದು. ಎಣಿಸಿದ ಮುದ್ದೆ, ಹೊತ್ತಿಗೊಂದು ಸಾರು ಎಂದು ಹೊಗಳುವವರು ಬೆಂಕಿಯ ಮುಂದೆ ನಿಂತು ಮುದ್ದೆ ಕೋಲು ತಿರುವುವವರಲ್ಲ. ವರ್ಷಪೂರ್ತಿ ಎರಡು ಹೊತ್ತು ಅಡುಗೆ ಮಾಡಿ, ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಉಣ್ಣುವ ಹೆಣ್ಣಿಗೆ ಯಾರೋ ಮಾಡಿಟ್ಟದ್ದನ್ನು ಬಿಸಿಯಾಗಿರುವಾಗಲೇ ಕೂತು ಉಣ್ಣುವ ಅವಕಾಶ ಪ್ರವಾಸದಲ್ಲಿ ಮಾತ್ರ ಸಿಗುತ್ತದೆ. ಅವಳು ತಟ್ಟೆಗೆ ಎರಡು ಬಗೆ ಹೆಚ್ಚು ಹಾಕಿಕೊಂಡಳೆಂದು ಉಪದೇಶಕ್ಕೆ ಇಳಿಯುವುದು ಅನ್ಯಾಯ. ಈ ಆಕ್ಷೇಪವನ್ನು ಪೂರ್ತಿಯಾಗಿ ಒಪ್ಪಿಕೊಂಡೇ ಒಂದು ಮಾತು ಹೇಳಬೇಕು: ಅಡುಗೆಮನೆಯಿಂದ ಬಿಡುಗಡೆ ಬೇರೆ, ಕೊನೆಯಿಲ್ಲದ ಬಫೆ ಬೇರೆ. ಪ್ರವಾಸದ ಕರಪತ್ರಗಳು ಎರಡನ್ನೂ ಒಂದೇ ಎಂಬಂತೆ ಕಟ್ಟಿಕೊಡುತ್ತವೆ. ಕೂತಲ್ಲಿಗೆ ಬಂದು ಬಡಿಸುವ, ಬಿಸಿಯಾದ, ಕೇಳಿದ ಪದಾರ್ಥವನ್ನು ಆಗಲೇ ಮಾಡಿಕೊಡುವ ಊಟ ಹೆಣ್ಣಿಗೆ ಬಫೆಗಿಂತ ಹೆಚ್ಚು ಬಿಡುವು ಕೊಡುತ್ತದೆ. ಬಫೆಯ ಸಾಲಿನಲ್ಲೂ ಮಕ್ಕಳ ತಟ್ಟೆ, ಅತ್ತೆಯ ತಟ್ಟೆ ಹಿಡಿದು ಓಡಾಡುವವಳು ಬಹುಪಾಲು ಅವಳೇ. ನಾಲ್ಕು ದಿನ ಮಿತಿಮೀರಿ ಉಂಡು ಬಂದ ಮನೆಯವರ ಸಕ್ಕರೆ ಏರಿದಾಗ ಆಸ್ಪತ್ರೆಗೆ ಅಲೆಯುವುದೂ, ಪಥ್ಯದ ಅಡುಗೆ ಬೇರೆ ಮಾಡುವುದೂ ಮತ್ತೆ ಅವಳ ಪಾಲಿಗೇ ಬರುತ್ತದೆ.

ಕೂತು, ಕೇಳಿ, ಕಾದು ಉಣ್ಣುವ ಪ್ರವಾಸದ ಊಟ ಹೇಗಿರಬಹುದೆಂಬುದಕ್ಕೆ ಮುಳಬಾಗಿಲೇ ಉದಾಹರಣೆ. ಈ ಊರಿನ ದೋಸೆಯ ಹೆಸರು ಬೆಂಗಳೂರಿನ ಹೋಟೆಲುಗಳ ಫಲಕಗಳವರೆಗೆ ಹಬ್ಬಿದೆ. ಹೊರಗೆ ಕೆಂಪಗೆ ಗರಿಗರಿ, ಒಳಗೆ ದಪ್ಪ ಮೆತ್ತಗೆ, ಒಳಮೈಗೆ ಸವರಿದ ಕೆಂಪು ಚಟ್ನಿ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಹೊರಟು ಕೋಲಾರ ದಾಟಿ ಬರುವ ಕಾರುಗಳಲ್ಲಿ ಈ ದೋಸೆಗೆಂದೇ ಬರುವವರೂ ಇರುತ್ತಾರೆ. ಬೆಣ್ಣೆ ಎಣ್ಣೆಯ ಈ ತಿಂಡಿ ಹಗುರವಾದದ್ದೆಂದು ಯಾರೂ ಹೇಳಲಾರರು. ಆದರೂ ಅಲ್ಲಿ ಅತಿಯಾಗುವುದು ಕಷ್ಟ. ಹೆಂಚಿನ ಮುಂದೆ ಸರದಿ ಕಾಯಬೇಕು, ಒಂದು ಮುಗಿದ ಮೇಲೆ ಇನ್ನೊಂದಕ್ಕೆ ಹೇಳಿ ಮತ್ತೆ ಹದಿನೈದು ನಿಮಿಷ ಕೂರಬೇಕು. ಹೊಟ್ಟೆಯ ಸುದ್ದಿ ಮಿದುಳಿಗೆ ತಲುಪಲು ಬೇಕಾದಷ್ಟೇ ಹೊತ್ತು ಅದು. ಪ್ರತಿ ದೋಸೆಗೂ ಬೇರೆಯಾಗಿ ದುಡ್ಡು ಕೊಡಬೇಕಾದ್ದರಿಂದ ಕೊಟ್ಟದ್ದನ್ನು ವಸೂಲು ಮಾಡುವ ಸಂಕಟವಿಲ್ಲ. ತಿಂದವರು ಮನಸಾರೆ ತೃಪ್ತಿಪಟ್ಟು ಆವನಿಯ ಬೆಟ್ಟವನ್ನೋ ಕುರುಡುಮಲೆಯ ಗಣಪತಿಯನ್ನೋ ನೋಡಲು ಹೊರಡುತ್ತಾರೆ. ಸುಖ ಕಡಿಮೆಯಾಗದೆ ಮಿತಿ ಉಳಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷ್ಯ ಬೇಡ. ನನಗೆ ಆತಂಕವಾಗುವುದು ಮುಂದಿನ ದಿನಗಳ ಬಗ್ಗೆ. ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಹೊಸಕೋಟೆ-ಬೇತಮಂಗಲ ನಡುವಿನ ಸುಮಾರು 71 ಕಿಲೋಮೀಟರ್ ಭಾಗ 2024ರ ಕೊನೆಯಲ್ಲಿ ಸಂಚಾರಕ್ಕೆ ತೆರೆದು ಮಾಲೂರು ಸೀಮೆಯನ್ನು ಹಾದುಹೋಗಿದೆ. ಈ ರಸ್ತೆಯ ಅಕ್ಕಪಕ್ಕ ಬರಲಿರುವ ಊಟದ ತಾಣಗಳು ದೋಸೆ ಹೆಂಚಿನ ಮಾದರಿ ಹಿಡಿಯುತ್ತವೋ ಹಡಗಿನ ಮಾದರಿ ಹಿಡಿಯುತ್ತವೋ ಎಂಬುದು ಈಗಲೇ ತೀರ್ಮಾನವಾಗುತ್ತಿದೆ.

ಶ್ರೀನಿವಾಸಪುರದ ಮಾವಿನ ವಿಷಯದಲ್ಲಿ ಇನ್ನೂ ಒಳ್ಳೆಯ ದಾರಿಯೊಂದು ಕಂಡಿದೆ. ಹೋಗಳಗೆರೆಯ ಮಾವು ಉತ್ಕೃಷ್ಟತಾ ಕೇಂದ್ರ ಇರುವ ಈ ತಾಲ್ಲೂಕಿನಲ್ಲಿ ಬಾದಾಮಿ, ರಸಪುರಿ, ಮಲ್ಲಿಕಾ, ನೀಲಂ, ತೋತಾಪುರಿ ಎಲ್ಲವೂ ಬೆಳೆಯುತ್ತವೆ. ರಾಜ್ಯದ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮ ಹಂಗಾಮಿನಲ್ಲಿ ಬೆಂಗಳೂರಿನವರನ್ನು ತೋಟಗಳಿಗೆ ಕರೆತರುವ ಪ್ರವಾಸಗಳನ್ನು ನಡೆಸುತ್ತ ಬಂದಿದೆ. ಬಂದವರು ಮರದಡಿ ನಡೆದಾಡುತ್ತಾರೆ, ತಾವೇ ಕಾಯಿ ಕೀಳುತ್ತಾರೆ, ತೂಗಿಸಿ ದುಡ್ಡು ಕೊಟ್ಟು ಮನೆಗೆ ಒಯ್ಯುತ್ತಾರೆ. ತಿನ್ನುವ ವಸ್ತು ಎಲ್ಲಿಂದ ಬಂತು, ಯಾರು ಬೆಳೆದರು ಎಂಬುದು ಕಣ್ಣೆದುರಿಗೇ ಇರುತ್ತದೆ. ಅದೇ ತೋತಾಪುರಿ ತಿರುಳಾಗಿ ಬಫೆಯ ಜ್ಯೂಸಿನ ನಲ್ಲಿಗೆ ಬಂದಾಗ ಬೆಳೆದವರ ಮುಖ ಮರೆಯಾಗುತ್ತದೆ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲೆ ನಮ್ಮ ತೋತಾಪುರಿಗೆ ಗಡಿ ಮುಚ್ಚಿದಾಗ ಬೆಲೆ ನೆಲಕಚ್ಚಿತು. ಕೊನೆಗೆ ಮಾರುಕಟ್ಟೆ ಮಧ್ಯಪ್ರವೇಶದ ಬೆಲೆಯೆಂದು ನಿಗದಿಯಾದದ್ದು ಕ್ವಿಂಟಲಿಗೆ 1,616 ರೂಪಾಯಿ, ಅಂದರೆ ಕಿಲೋಗೆ ಹದಿನಾರು ರೂಪಾಯಿ ಚಿಲ್ಲರೆ. ಎಷ್ಟು ಲೋಟ ಬೇಕಾದರೂ ಕುಡಿಯಿರಿ ಎಂದು ಜ್ಯೂಸನ್ನು ಹರಿಯಬಿಡಲು ಸಾಧ್ಯವಾಗುವುದು ಅದರ ಹಿಂದಿನ ಹಣ್ಣು ಇಷ್ಟು ಅಗ್ಗವಾಗಿರುವುದರಿಂದಲೂ ಹೌದು. ಆ ಲೋಟದಲ್ಲಿ ಸೇರಿಸಿದ ಸಕ್ಕರೆ ಹಣ್ಣಿನ ಸಕ್ಕರೆಗೆ ಮೇಲಿನದು.

ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಕೋಲಾರದಿಂದಲೋ ಮಾಲೂರಿನಿಂದಲೋ ಟೂರು ಕರೆದೊಯ್ಯುವವರು ಬೆಳಗಿನ ತಿಂಡಿಯನ್ನಷ್ಟೇ ಪ್ಯಾಕೇಜಿಗೆ ಸೇರಿಸಿ, ಉಳಿದ ಊಟವನ್ನು ಉಂಡಷ್ಟಕ್ಕೆ ಕೊಡುವಂತೆ ಬಿಡಬಹುದು. ಆಗ ಟೂರಿನ ಬೆಲೆ ಇಳಿಯುತ್ತದೆ, ಊರೂರಿನ ಸಣ್ಣ ಹೋಟೆಲುಗಳಿಗೂ ವ್ಯಾಪಾರವಾಗುತ್ತದೆ. ಪೂರ್ತಿ ಊಟ ಸೇರಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ ಎಂದು ಅವರು ಹೇಳುತ್ತಾರೆ. ಊಟದ ಚಿಂತೆ ಇಲ್ಲದಿರಲಿ ಎಂಬ ಗಿರಾಕಿಯ ಬೇಡಿಕೆ ನ್ಯಾಯವಾದದ್ದೇ, ಅದರಲ್ಲೂ ಹಿರಿಯರಿರುವ ಗುಂಪಿಗೆ. ಅಂಥಲ್ಲಿ ಊಟವನ್ನು ಸೇರಿಸಿಯೇ ಅದನ್ನು ಬಫೆಯ ಬದಲು ಬಡಿಸುವ ಊಟವಾಗಿ ಗೊತ್ತುಮಾಡಬಹುದು: ಹೊತ್ತಿಗೆ ಸರಿಯಾಗಿ, ನಾಲ್ಕೇ ಬಗೆ, ಕೊನೆಗೆ ಮೊಸರು. ಮದುವೆ ಮನೆಯವರು ಮುಹೂರ್ತದ ದಿನ ಪಂಕ್ತಿ ಊಟ ಹಾಕಿ, ಹಿಂದಿನ ರಾತ್ರಿಯ ಆರತಕ್ಷತೆಯ ಕೌಂಟರುಗಳನ್ನು ಅರ್ಧಕ್ಕಿಳಿಸಿದರೆ ಮರ್ಯಾದೆಗೆ ಕುಂದು ಬರುವುದಿಲ್ಲ, ಸಾಲ ಮಾತ್ರ ಕಡಿಮೆಯಾಗುತ್ತದೆ. ಹಡಗು ಹತ್ತುವವರಿಗೂ ಹಡಗಿನೊಳಗೇ ಒಂದು ದಾರಿಯಿದೆ. ಇಂಥ ಹಡಗುಗಳಲ್ಲಿ ಸಾಮಾನ್ಯವಾಗಿ ಬಫೆಯ ಜೊತೆಗೇ ಕೂತು ಉಣ್ಣುವ, ಹೇಳಿದ್ದನ್ನು ತಂದು ಬಡಿಸುವ ಭೋಜನಶಾಲೆಯೂ ಇರುತ್ತದೆ, ಅದರ ಹಣವೂ ಟಿಕೆಟ್ಟಿನಲ್ಲೇ ಸೇರಿರುತ್ತದೆ. ಬಫೆಯ ಕಡೆ ಹೋಗದೆ ಅಲ್ಲಿಯೇ ದಿನಕ್ಕೆ ಮೂರು ಹೊತ್ತು ಕೂರುವುದೆಂದು ಮನೆಯವರೆಲ್ಲ ಮೊದಲೇ ತೀರ್ಮಾನಿಸಿದರೆ ಅರ್ಧ ಸಮಸ್ಯೆ ಅಲ್ಲಿಯೇ ಬಗೆಹರಿಯುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹೊರಡುವ ಮೊದಲು ಊಟದ ಹೊತ್ತು ಏರುಪೇರಾದರೆ ಏನು ಮಾಡಬೇಕೆಂದು ತಮ್ಮ ವೈದ್ಯರನ್ನು ಕೇಳಿ ಬರೆಸಿಕೊಳ್ಳಬೇಕು. ಟಿಕೆಟ್ಟಿನ ಜೊತೆಗೆ ಈ ಸೂಚನೆಯನ್ನೂ ಕೊಡುವುದು ಟೂರು ನಡೆಸುವವರ ಕೆಲಸದ ಭಾಗವಾಗಬೇಕು, ಗುಡ್ಡ ಹತ್ತುವ ಯಾತ್ರೆಗೆ ಹೃದಯದ ಕಾಯಿಲೆಯ ಬಗ್ಗೆ ಈಗಲೇ ಕೇಳುವ ಹಾಗೆಯೇ.